ಸಮುದ್ರಕ್ಕೆ ಹೋಗುವ ನೀರಿನ ಜೊತೆ ಒಂದು ದಿನ

ಬೇಸಿಗೆ ರಜೆ ಬಂತೆಂದರೆ ಬಯಲುಸೀಮೆಯ ಟೆಂಪೊ, ಕಾರು, ಬಸ್ಸುಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡುತ್ತವೆ. ಶಿರಸಿಯಲ್ಲಿ ಮಾರಿಕಾಂಬೆಗೆ ಕೈಮುಗಿದು, ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಪಡೆದು, ಓಂ ಕಡಲತೀರದಲ್ಲಿ ಪ್ಯಾಂಟು ಮಡಚಿ ನಾಲ್ಕು ಫೋಟೊ ತೆಗೆಸಿಕೊಂಡು, ಮುರುಡೇಶ್ವರದ ಗೋಪುರ ನೋಡಿ ಮರಳಿದರೆ ಪ್ರವಾಸ ಮುಗಿಯಿತು. ಘಟ್ಟದ ಮೇಲಿನ ಅಡಿಕೆ ತೋಟ, ಕೆಳಗಿನ ಕರಾವಳಿಯ ಹಳ್ಳಿಗಳು ಇವೆರಡೂ ವಾಹನದ ಕಿಟಕಿಯಾಚೆ ಓಡುವ ಹಸಿರು ಗೆರೆಯಷ್ಟೇ. ಮಕ್ಕಳು ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ, ಇಲ್ಲವೇ ಮೊಬೈಲಿನಲ್ಲಿರುತ್ತಾರೆ.

ಈ ಸಲ ನಾವು ಬೇರೆ ಲೆಕ್ಕ ಹಾಕಿದೆವು. ನೋಡುವ ಜಾಗಗಳ ಪಟ್ಟಿ ಬೇಡ, ಒಂದು ಹೊಳೆಯನ್ನು ಹಿಡಿದು ಇಳಿಯೋಣ, ಅದು ಹುಟ್ಟುವ ಊರಿನ ತೋಟದಿಂದ ಹೊರಟು ಸಂಜೆಯೊಳಗೆ ಅದು ಸಮುದ್ರ ಸೇರುವ ಹಳ್ಳಿ ಮುಟ್ಟೋಣ ಎಂದು. ಹೊಳೆ ಅಘನಾಶಿನಿ. ಶಿರಸಿ ಪೇಟೆಯೊಳಗಿನ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಎಂಬ ಎರಡು ಹಳ್ಳಿಗಳ ನಡುವೆ ಅರಬ್ಬೀ ಸಮುದ್ರ ಸೇರುವ ನದಿ ಇದು. ಕಾಳಿ, ಶರಾವತಿಗಳಿಗೆ ಇರುವಂತೆ ಇದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಹುಟ್ಟಿದಲ್ಲಿಂದ ಕೊನೆಯವರೆಗೂ ತನ್ನ ಪಾಡಿಗೆ ತಾನು ಹರಿಯುವ ನದಿಗಳು ನಮ್ಮಲ್ಲಿ ಎಷ್ಟಿವೆ ಹೇಳಿ?

ನಮ್ಮದು ಚಿತ್ರದುರ್ಗ ಜಿಲ್ಲೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಂಡರೆ ಪುಣ್ಯ ಎನ್ನುವ ಸೀಮೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಅಂದು ಊರಿಗೆ ಊರೇ ಕೋಡಿ ನೀರು ನೋಡಲು ಜಾತ್ರೆಯಂತೆ ನೆರೆದಿತ್ತು. ಇಂಥ ಕಡೆ ಚಹದ ಅಂಗಡಿಯ ಬೆಂಚಿನ ಮೇಲೆ ಆಗಾಗ ಕೇಳಿಬರುವ ಮಾತೊಂದಿದೆ: ‘ಅಲ್ಲಿ ನೋಡಿದರೆ ಅಷ್ಟೊಂದು ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತೆ, ಇಲ್ಲಿ ನಾವು ಕೊಡ ಹಿಡಿದು ನಿಂತಿದ್ದೇವೆ.’ ಅಘನಾಶಿನಿಯ ನೀರನ್ನು ವೇದಾವತಿಯ ಕಡೆ ತಿರುಗಿಸುವ ಪ್ರಸ್ತಾವವೂ ಈಚಿನ ವರ್ಷಗಳಲ್ಲಿ ಚರ್ಚೆಗೆ ಬಂದಿದೆ. ಘಟ್ಟದ ಮೇಲೆ ಅದಕ್ಕೆ ವಿರೋಧದ ಸಭೆಗಳೂ ನಡೆದಿವೆ. ಹೀಗಾಗಿ ಈ ಹೊಳೆಗೂ ನಮ್ಮ ಮನೆಯ ನಲ್ಲಿಗೂ ದೂರದ ಒಂದು ಸಂಬಂಧ ಉಂಟೆಂದೇ ಹೇಳಬೇಕು.

ತೋಟದೊಳಗಿನ ಬೆಳಗು

ಶಿರಸಿಯ ಸಮೀಪದ ಹಳ್ಳಿಯಲ್ಲಿರುವ ಸಹೋದ್ಯೋಗಿಯೊಬ್ಬರ ತವರುಮನೆಯಲ್ಲಿ ಹಿಂದಿನ ರಾತ್ರಿ ತಂಗಿದ್ದೆವು. ಬೆಳಗಿನ ಆರೂವರೆಗೆ ಹಿತ್ತಿಲಿನ ಮೆಟ್ಟಿಲಿಳಿದರೆ ತೋಟ. ಇಲ್ಲಿ ತೋಟವೆಂದರೆ ಬೇಲಿ ಹಾಕಿದ ಸಮತಟ್ಟು ಜಮೀನಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆ. ಎರಡೂ ಬದಿಯ ಗುಡ್ಡದಿಂದ ಒಸರುವ ನೀರೆಲ್ಲ ಆ ಕಣಿವೆಗೆ ಬಂದು ಸೇರಬೇಕು, ಅಲ್ಲಿ ಅಡಿಕೆ. ಮೇಲೆ ಅಡಿಕೆಯ ಸೋಗೆಗಳ ಚಪ್ಪರ, ಅದರ ಮೈಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಬುಡದಲ್ಲಿ ಯಾಲಕ್ಕಿ, ಅಂಚಿನಲ್ಲಿ ಜಾಯಿಕಾಯಿ, ವೀಳ್ಯದೆಲೆ. ಒಂದೇ ನೆಲದಲ್ಲಿ ಮೂರು ನಾಲ್ಕು ಅಂತಸ್ತಿನ ಮನೆ ಕಟ್ಟಿದಂತೆ! ಹೊರಗೆ ಏಪ್ರಿಲ್ ಬಿಸಿಲು ಏರುತ್ತಿದ್ದರೂ ಒಳಗೆ ತಣ್ಣಗಿತ್ತು.

ಮನೆಯ ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ಹೆಗಲಿಗೆ ಪಂಚೆ, ಕೈಯಲ್ಲಿ ಕತ್ತಿ. ಪ್ರತಿ ಸಾಲಿನ ಪಕ್ಕದ ಬಸಿಗಾಲುವೆಯನ್ನು ಮಕ್ಕಳಿಗೆ ತೋರಿಸಿದರು. ‘ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಲ್ಲಬಾರದು. ಮಳೆಗಾಲದಲ್ಲಿ ನೀರು ಹೊರಗೆ ಹಾಕುವುದು, ಬೇಸಿಗೆಯಲ್ಲಿ ನೀರು ಒಳಗೆ ಇಟ್ಟುಕೊಳ್ಳುವುದು, ತೋಟ ಮಾಡುವುದು ಅಂದರೆ ಇಷ್ಟೇ ನೋಡಿ’ ಎಂದರು. ಇಷ್ಟೇ ಎಂದು ಅವರು ಹೇಳಿದ್ದರ ಹಿಂದೆ ವರ್ಷವಿಡೀ ಕೆಲಸವಿದೆ. ಗುಡ್ಡದ ಮೇಲಿನ ಕಾಡಿಗೆ ಇಲ್ಲಿ ಬೆಟ್ಟ ಎನ್ನುತ್ತಾರೆ. ತೋಟಕ್ಕೆ ಸೊಪ್ಪು, ದರಕು ತಂದುಕೊಳ್ಳಲು ಬಿಟ್ಟ ಕಾಡು ಅದು. ಬ್ರಿಟಿಷರ ಕಾಲದಲ್ಲೇ ಘಟ್ಟದ ಮೇಲಿನ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ ಕೊಟ್ಟಿದ್ದರು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಸಗಣಿಯೊಡನೆ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಬೆಟ್ಟ ಬೋಳಾದರೆ ಗೊಬ್ಬರವೂ ಇಲ್ಲ, ನೀರೂ ಇಲ್ಲ.

ಮನೆಯ ಹಿಂಬದಿಗೆ ಅಡಿಕೆ ದಬ್ಬೆಯ ದೋಣಿಯಲ್ಲಿ ಹರಿದುಬಂದು ಕಲ್ಲಿನ ತೊಟ್ಟಿಗೆ ಬೀಳುತ್ತಿತ್ತು ಅಬ್ಬಿ ನೀರು. ಪಂಪಿಲ್ಲ, ಕರೆಂಟಿಲ್ಲ. ಗುಡ್ಡದ ಮೇಲಿನ ಒರತೆಯಿಂದ ತಾನಾಗಿ ಇಳಿದು ಬರುವ ನೀರು. ನಲ್ಲಿಯ ಮುಂದೆ ಸರದಿ ನಿಂತು ಬೆಳೆದ ನಮ್ಮ ಆರನೇ ತರಗತಿಯ ಮಗನಿಗೆ ಅದು ತಿರುಗಿಸಿ ನಿಲ್ಲಿಸುವ ಕೀಲಿಯೇ ಇಲ್ಲದ ನಲ್ಲಿ. ತುಂಬಿದ ತೊಟ್ಟಿಯಿಂದ ನೀರು ಹೊರಚೆಲ್ಲಿ ತೋಟದ ಕಡೆ ಹೋಗುವುದನ್ನು ನೋಡಿ ಕೇಳಿದ:

‘ಇದು ಎಲ್ಲಿಗೆ ಹೋಗುತ್ತೆ ಅಜ್ಜಾ?’

‘ತೋಟಕ್ಕೆ. ತೋಟದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ.’

‘ಅಯ್ಯೋ! ವೇಸ್ಟ್ ಆಗುತ್ತಲ್ಲ!’

ಯಜಮಾನರು ಜೋರಾಗಿ ನಕ್ಕುಬಿಟ್ಟರು. ‘ವೇಸ್ಟ್ ಹೌದೋ ಅಲ್ಲವೋ, ನೀನೇ ನೋಡ್ಕಂಡು ಬಾ ಮಾಣಿ. ಹೇಗೂ ಕೆಳಗೇ ಹೋಗ್ತಾ ಇದ್ದಿಯಲ್ಲ’ ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, ‘ನಾವು ಸಣ್ಣವರಿದ್ದಾಗ ಮೇ ತಿಂಗಳಲ್ಲೂ ಈ ದಬ್ಬೆ ತುಂಬಿ ಬರ್ತಿತ್ತು. ಈಗ ಏಪ್ರಿಲ್‌ನಲ್ಲೇ ಇಷ್ಟು’ ಎಂದು ಕಿರುಬೆರಳು ತೋರಿಸಿದರು. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕೊನೆ ಕೊಯ್ಯಲು ಮರ ಹತ್ತುವವರು ಸಿಗುವುದು ಕಷ್ಟ. ಮಳೆಗಾಲದ ಕೊಳೆರೋಗಕ್ಕೆ ಮದ್ದು ಹೊಡೆಯಲು ಸರಿಯಾದ ಹೊತ್ತಿಗೆ ಆಳು ಬರದಿದ್ದರೆ ಕಾಯಿಯೆಲ್ಲ ಉದುರಿ ನೆಲ ಸೇರುತ್ತದೆ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತೇನೋ ನಿಜ. ಆದರೆ ಮಾನ್ಯತೆಯ ಕಾಗದ ಮರ ಹತ್ತುವುದಿಲ್ಲವಲ್ಲ!

ತಿಂಡಿಗೆ ತೆಳ್ಳೇವು, ಜೋನಿಬೆಲ್ಲ. ಆಸ್ರಿಗೆ ಮುರುಗಲು ಹಣ್ಣಿನ ಪಾನಕ. ಮನೆಯ ಅಮ್ಮ ಹಳೆಯ ಭರಣಿ ತೆರೆದು ಅಪ್ಪೆಮಿಡಿ ತೋರಿಸಿದರು. ಈ ಮಾವಿನ ಮರಗಳು ಹೊಳೆಯ ದಂಡೆಗಳಲ್ಲಿ ತಾವಾಗಿ ಬೆಳೆದವು. ಸೊನೆಯ ಪರಿಮಳಕ್ಕೇ ಹೆಸರಾದ ಮಿಡಿಗೆ 2009ರಲ್ಲೇ ಭೌಗೋಳಿಕ ಸೂಚಿಕೆ ದೊರಕಿದೆ. ‘ಇದಕ್ಕೆ ಪ್ಯಾಕೆಟ್ಟಿನ ಪುಡಿ ಉಪ್ಪು ನಡೆಯುವುದಿಲ್ಲ. ಸಾಣಿಕಟ್ಟೆಯ ಹರಳುಪ್ಪೇ ಬೇಕು’ ಎಂದರು ಅಮ್ಮ. ಊಟದ ನಂತರ ಯಜಮಾನರು ಕವಳ ಹಾಕುವಾಗ ಎಲೆಗೆ ಬಳಿದ ಸುಣ್ಣವೂ ಕೆಳಗಿನದೇ, ಕುಮಟಾ ಕಡೆಯ ಚಿಪ್ಪಿ ಸುಣ್ಣ. ತೋಟದ ಎಲೆ, ತೋಟದ ಅಡಿಕೆ, ಸಮುದ್ರದಂಚಿನ ಸುಣ್ಣ! ಒಂಬತ್ತನೇ ತರಗತಿಯ ಮಗಳು ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಮ್ಮ ಒಂದು ಸಣ್ಣ ಬಾಟಲಿ ತುಂಬ ಮಿಡಿ ಕಟ್ಟಿಕೊಟ್ಟರು.

ಉಪ್ಪು ನೆಲದ ಭತ್ತ

ದೇವಿಮನೆ ಘಟ್ಟ ಇಳಿದು, ಕತಗಾಲ ದಾಟಿ ಕುಮಟಾ ಮುಟ್ಟಿದರೆ ಶಿರಸಿಯಿಂದ ಸುಮಾರು 60 ಕಿಲೋಮೀಟರ್. ಘಟ್ಟದ ತಿರುವುಗಳಲ್ಲಿ ಕಿವಿ ‘ಗುಂಯ್’ ಎಂದು ಬಿಟ್ಟುಕೊಳ್ಳುತ್ತಿದ್ದಂತೆ ಗಾಳಿ ಬದಲಾಗುತ್ತದೆ. ತಂಪು ಹೋಗಿ ಮೈಗೆ ಅಂಟುವ ಸೆಖೆ. ಅಡಿಕೆ ಹಿಂದೆ ಸರಿದು ತೆಂಗು, ಗೇರು, ಕೆಂಪು ಜಂಬಿಟ್ಟಿಗೆಯ ಗೋಡೆಗಳು ಮುಂದೆ ಬರುತ್ತವೆ. ಕುಮಟಾದಿಂದ ಹೆಗಡೆ ಊರಿನ ಮೇಲೆ ಅಳಿವೆಯ ದಕ್ಷಿಣ ದಂಡೆಯ ಹಳ್ಳಿಗಳ ಕಡೆ ಹೊರಳಿದೆವು. ನದಿ ಸಮುದ್ರ ಸೇರುವ ಜಾಗಕ್ಕೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಅಲ್ಲಿ ನೀರು ಅತ್ತ ಸಿಹಿಯೂ ಅಲ್ಲ, ಇತ್ತ ಉಪ್ಪೂ ಅಲ್ಲ. ಭರತ ಬಂದಾಗ ಸಮುದ್ರ ಒಳಗೆ ಬರುತ್ತದೆ, ಇಳಿತದಲ್ಲಿ ಹೊಳೆ ಹೊರಗೆ ಹೋಗುತ್ತದೆ. ದಿನಕ್ಕೆ ಎರಡು ಸಲ ಈ ಹೋಗಿಬರುವಿಕೆ.

ಈ ನೀರಿನ ಅಂಚಿನ ತಗ್ಗು ಭೂಮಿಯೇ ಗಜನಿ. ನಾವು ಹೋದಾಗ ಗಜನಿಯ ತುಂಬ ನೀರು, ನೀರಿನ ತುಂಬ ಬೆಳ್ಳಕ್ಕಿಗಳು. ಇದು ಕೆರೆಯೆಂದು ಮಕ್ಕಳು ವಾದಿಸಿದರು. ಅಲ್ಲ, ಗದ್ದೆ! ಮಳೆಗಾಲದಲ್ಲಿ ಇಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಉಪ್ಪನ್ನೂ ಸಹಿಸುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ. ಮಾಣಿಕಟ್ಟಾ ಸುತ್ತಿನ ಹಳ್ಳಿಗಳಲ್ಲಿ ಈ ತಳಿ ಈಗಲೂ ಉಳಿದುಕೊಂಡಿದೆ.

ಒಡ್ಡಿನ ಮೇಲೆ ಬಲೆ ಸರಿಮಾಡುತ್ತ ಕುಳಿತಿದ್ದ ಹಿರಿಯ ರೈತರೊಬ್ಬರು ಮಾತಿಗೆ ಸಿಕ್ಕರು. ಅವರು ಹೇಳಿದ ಕ್ರಮ ಹೀಗೆ: ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಘಟ್ಟದ ನೀರು ಹೊಳೆ ತುಂಬಿ ಬಂದು ಗಜನಿಯ ಉಪ್ಪನ್ನೆಲ್ಲ ತೊಳೆಯುತ್ತದೆ. ಆಗ ಮೊಳಕೆ ಬರಿಸಿದ ಬೀಜ ಎರಚಬೇಕು. ಗೊಬ್ಬರವಿಲ್ಲ, ಕೀಟದ ಔಷಧಿಯಿಲ್ಲ. ಹೊಳೆ ತಂದು ಹಾಕುವ ಮೆಕ್ಕಲೇ ಗೊಬ್ಬರ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೊಯ್ಲು. ಕೊಯ್ಯುವುದು ತೆನೆಯನ್ನು ಮಾತ್ರ. ಉಳಿದ ಹುಲ್ಲು ನೀರಿನಲ್ಲಿ ಕೊಳೆತು ಮೀನು, ಸಿಗಡಿ, ಹಕ್ಕಿಗಳಿಗೆ ಆಹಾರವಾಗುತ್ತದೆ. ಕೊಯ್ಲಾದ ಮೇಲೆ ಒಡ್ಡಿನ ತೂಬಿನ ಹಲಗೆ ತೆಗೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಮೀನೂ ಬರುತ್ತದೆ. ಆರು ತಿಂಗಳು ಗದ್ದೆ, ಆರು ತಿಂಗಳು ಮೀನಿನ ಹೊಂಡ!

‘ಸಮುದ್ರದ ಸಂಗ್ತಿ ಜಗ್ಳ ಮಾಡೂಕೆ ಆಗೂದಿಲ್ಲ. ಹೊತ್ತು ನೋಡಿ ಬಾಗ್ಲು ತೆಗೀಬೇಕು, ಹೊತ್ತು ನೋಡಿ ಹಾಕ್ಬೇಕು’ ಎಂದರು ಅವರು.

ಬಾಗಿಲು ತೆಗೆಯುವುದು ಒಬ್ಬರ ಇಷ್ಟವಲ್ಲ. ಒಂದು ಗಜನಿಯಲ್ಲಿ ಹತ್ತಾರು ಮನೆಗಳ ಜಮೀನು. ಒಡ್ಡು ಎಲ್ಲರದು. ಒಂದು ಕಡೆ ಏಡಿ ತೂತು ಮಾಡಿ, ಅದು ದೊಡ್ಡದಾಗಿ, ಬೆಳೆಯ ಕಾಲದಲ್ಲಿ ಉಪ್ಪುನೀರು ನುಗ್ಗಿದರೆ ಎಲ್ಲರ ಬೆಳೆಯೂ ಹೋಯಿತು. ಹಿಂದೆ ಮಣ್ಣಿನ ಒಡ್ಡನ್ನು ಪ್ರತಿವರ್ಷ ಊರವರೇ ಸೇರಿ ಕಟ್ಟುತ್ತಿದ್ದರು. ಆಮೇಲೆ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿ ಒಡ್ಡುಗಳನ್ನು ಕಟ್ಟಿತು. 1990ರ ದಶಕದಲ್ಲಿ ಸಿಗಡಿ ಸಾಕಣೆಯ ಭರಾಟೆ ಬಂತು. ಭತ್ತಕ್ಕಿಂತ ಹತ್ತು ಪಾಲು ಲಾಭವೆಂದು ಗಜನಿಗಳು ಸಿಗಡಿ ಹೊಂಡಗಳಾದವು. ಹಿಂದೆಯೇ ಬಿಳಿಚುಕ್ಕೆ ರೋಗ ಬಂದು ಸಿಗಡಿ ಸತ್ತವು. ಅಷ್ಟರಲ್ಲಿ ಭತ್ತದ ಅಭ್ಯಾಸ ತಪ್ಪಿತ್ತು, ಒಟ್ಟಾಗಿ ಒಡ್ಡು ನೋಡುವ ಅಭ್ಯಾಸವೂ ತಪ್ಪಿತ್ತು. ಎಷ್ಟೋ ಗಜನಿಗಳು ಹಾಗೇ ಪಾಳು ಬಿದ್ದವು.

ಮನೆಯ ಅಟ್ಟದಲ್ಲಿ ಒಣಹುಲ್ಲಿನ ಮುಡಿ ಕಟ್ಟಿ ಇಟ್ಟಿದ್ದ ಬೀಜವನ್ನು ಆ ರೈತರು ತೋರಿಸಿದರು. ಈ ಮಾತು ಮಕ್ಕಳಿಗೆ ಚೆನ್ನಾಗಿ ನಾಟಿತು. ಗೋಧಿ, ರಾಗಿಯ ಬೀಜ ಅಂಗಡಿಯಲ್ಲಿ ಸಿಗುತ್ತದೆ. ಕಗ್ಗದ ಬೀಜ ಸಿಗುವುದು ಬೆಳೆದವರ ಮನೆಯಲ್ಲೇ. ಒಂದು ವರ್ಷ ಒಡ್ಡು ಒಡೆದು ಯಾರೂ ಬೆಳೆಯದೆ ಹೋದರೆ ಮರುವರ್ಷ ಬಿತ್ತಲು ನೆರೆಮನೆಯವರನ್ನು ಕೇಳಬೇಕು. ನೆರೆಮನೆಯಲ್ಲೂ ಇಲ್ಲದಿದ್ದರೆ? ಉಪ್ಪು ನೆಲದಲ್ಲಿ ಬೆಳೆಯುವ ಭತ್ತಕ್ಕಾಗಿ ವಿಜ್ಞಾನಿಗಳು ಪ್ರಯೋಗಾಲಯಗಳಲ್ಲಿ ಹುಡುಕುತ್ತಿರುವಾಗ ಅದು ಈ ಅಟ್ಟದ ಮೇಲೆ ಹೊಗೆ ಕುಡಿಯುತ್ತ ಕುಳಿತಿದೆ.

‘ಗಂಜಿ ಉಂಡ್ಕಂಡೇ ಹೋಗ್ಬೇಕು’ ಎಂದು ಮನೆಯಾಕೆ ಬಿಡಲಿಲ್ಲ. ಕೆಂಪು ದಪ್ಪ ಅಕ್ಕಿಯ ಗಂಜಿ. ಮಗಳು ಬ್ಯಾಗಿನಿಂದ ಬೆಳಗಿನ ಅಪ್ಪೆಮಿಡಿ ಬಾಟಲಿ ತೆಗೆದಳು. ‘ಓ, ಘಟ್ಟದ ಮೇಲಿನ ಮಿಡಿ!’ ಎಂದು ಆ ತಾಯಿಯ ಮುಖ ಅರಳಿತು. ಹಂಚಿಕೊಂಡು ಉಂಡೆವು.

ಮೆಣಸು ಹೋದ ದಾರಿ, ಉಪ್ಪು ಬಂದ ದಾರಿ

ಮರಳಿ ಹೆದ್ದಾರಿ ಸೇರಿ ದಿವಗಿಯಲ್ಲಿ ಅಘನಾಶಿನಿಯ ಸೇತುವೆ ದಾಟಿದರೆ ಸ್ವಲ್ಪ ಮುಂದೆ ಮಿರ್ಜಾನ್ ಕೋಟೆ. ಜಂಬಿಟ್ಟಿಗೆಯ ಗೋಡೆಗೆ ಪಾಚಿ, ಹುಲ್ಲು ಹಬ್ಬಿ ಮಳೆಗಾಲದಲ್ಲಿ ಹಸಿರು ಬಟ್ಟೆ ಹೊದ್ದಂತೆ ಕಾಣುತ್ತದೆ. ಬೇಸಿಗೆಯಲ್ಲಿ ಕಂದು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಕೋಟೆ ಇದು. ಪೋರ್ಚುಗೀಸರು ಆಕೆಯನ್ನು ಕರೆದದ್ದು ‘ಕಾಳುಮೆಣಸಿನ ರಾಣಿ’ ಎಂದು. ಬೆಳಗ್ಗೆ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ್ದ ಬಳ್ಳಿಯನ್ನು ನೆನಪಿಸಿಕೊಳ್ಳಿ. ಆ ಬಳ್ಳಿಯ ಒಣಗಿದ ಕಾಳಿಗಾಗಿಯೇ ಯುರೋಪಿನ ಹಡಗುಗಳು ಅರ್ಧ ಭೂಮಿ ಸುತ್ತಿ ಈ ತೀರಕ್ಕೆ ಬಂದದ್ದು! ಪಠ್ಯಪುಸ್ತಕದ ‘ಸಾಂಬಾರ ಪದಾರ್ಥಗಳ ವ್ಯಾಪಾರ’ ಎಂಬ ಒಣ ಪಾಠ ಇಲ್ಲಿ ಗೋಡೆಯಾಗಿ ನಿಂತಿದೆ. ಹೊಳೆಯ ದಂಡೆಯ ಊರೊಂದರ ಹೆಸರು ಉಪ್ಪಿನಪಟ್ಟಣ. ಇಂಥ ಊರುಗಳ ಹೆಸರೇ ಕಥೆ ಹೇಳುತ್ತದೆ. ರಸ್ತೆಗಳಿಲ್ಲದ ಕಾಲಕ್ಕೆ ಹೊಳೆಯೇ ರಸ್ತೆ, ದೋಣಿಯೇ ಲಾರಿ.

ಅಲ್ಲಿಂದ ಮಾದನಗೇರಿ, ಗೋಕರ್ಣದ ರಸ್ತೆ ಹಿಡಿದು ಸಾಣಿಕಟ್ಟೆಗೆ ಬಂದಾಗ ಮಧ್ಯಾಹ್ನದ ಮೂರೂವರೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಉಪ್ಪಿನ ಆಗರ ನೋಡಲು ಅದೇ ಸರಿಯಾದ ಹೊತ್ತು. ಕಣ್ಣು ಹಾಯುವಷ್ಟು ದೂರ ಚೌಕ ಚೌಕ ಮಡಿಗಳು. ಕೆಲವಲ್ಲಿ ನೀರು, ಕೆಲವಲ್ಲಿ ಬಿಳಿಯ ಕೆನೆ, ಬದುವಿನ ಮೇಲೆ ಉಪ್ಪಿನ ಗುಡ್ಡೆಗಳು. ಭರತದಲ್ಲಿ ಬಂದ ನೀರನ್ನು ಮೊದಲು ದೊಡ್ಡ ಹೊಂಡಕ್ಕೆ ತುಂಬಿಸಿ, ಅಲ್ಲಿಂದ ಒಂದೊಂದೇ ಮಡಿಗೆ ಬಿಡುತ್ತ ಬಿಸಿಲಿಗೆ ಗಟ್ಟಿಯಾಗಿಸುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ನೀರು ಆರಿ ಸುಮಾರು ಹತ್ತನೇ ಒಂದು ಪಾಲಾದಾಗ ಅಡುಗೆ ಉಪ್ಪು ಹರಳಾಗತೊಡಗುತ್ತದೆ. ಉದ್ದ ಹಿಡಿಯ ಮರದ ಹಲಗೆಯಿಂದ ಅದನ್ನು ಎಳೆದು ಗುಡ್ಡೆ ಹಾಕಬೇಕು. ಬರಿಗಾಲಿನಲ್ಲಿ, ಈ ಬಿಸಿಲಿನಲ್ಲಿ! ಜನವರಿಯಿಂದ ಮೇವರೆಗೆ ಮಾತ್ರ ಈ ಕೆಲಸ. ಮೊದಲ ಮಳೆ ಬಿತ್ತೆಂದರೆ ಆ ವರ್ಷದ ಉಪ್ಪಿನ ಲೆಕ್ಕ ಮುಗಿಯಿತು.

ಉಪ್ಪು ತೆಗೆಯುತ್ತಿದ್ದ ಹೆಂಗಸೊಬ್ಬರು ಮಗನ ಅಂಗೈಗೆ ನಾಲ್ಕು ಹರಳು ಹಾಕಿದರು. ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. ಈ ಹರಳಿಗೆ ಇತಿಹಾಸವೂ ಇದೆ. ಉಪ್ಪು ತಯಾರಿಸುವ ಹಕ್ಕನ್ನು ಬ್ರಿಟಿಷ್ ಸರ್ಕಾರ ತನ್ನ ಕೈಯಲ್ಲಿಟ್ಟುಕೊಂಡು ತೆರಿಗೆ ಹಾಕಿದ್ದ ಕಾಲದಲ್ಲಿ, ಗಾಂಧೀಜಿ ದಂಡಿಯಲ್ಲಿ ಉಪ್ಪು ಹಿಡಿದ ಒಂದೇ ವಾರಕ್ಕೆ, 1930ರ ಏಪ್ರಿಲ್ 13ರಂದು ಪಕ್ಕದ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಆ ಪುಟವನ್ನು ಮಗಳು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದಳು. ಉಪ್ಪಿಗಾಗಿ ಜನ ಜೈಲಿಗೆ ಹೋದದ್ದೇಕೆ ಎಂಬುದು ಈ ಬಿಸಿಲಿನಲ್ಲಿ ಐದು ನಿಮಿಷ ನಿಂತ ಮೇಲೆ ಹೆಚ್ಚು ಅರ್ಥವಾಯಿತಂತೆ.

ಇಳಿತದ ಹೊತ್ತು

ಸಂಜೆ ತದಡಿ. ಮೀನುಗಾರಿಕೆಯ ದೋಣಿಗಳು, ಒಣಮೀನಿನ ವಾಸನೆ, ಬಲೆ ಹರವಿದ ದಕ್ಕೆ. ಎದುರು ದಂಡೆಯಲ್ಲಿ ಅಘನಾಶಿನಿ ಹಳ್ಳಿ, ಅದರಾಚೆ ತೆರೆದ ಕಡಲು. ತಾರಿ ದೋಣಿಯಲ್ಲಿ ಆಚೆ ದಾಟಿದೆವು. ಅಂದು ಇಳಿತ ಸಂಜೆಗೆ ಬಿದ್ದಿತ್ತು. ನೀರು ಸರಿದ ಹೊಯಿಗೆಯ ದಿಬ್ಬಗಳ ಮೇಲೆ, ಸೊಂಟದುದ್ದದ ನೀರಿನಲ್ಲಿ ಬುಟ್ಟಿ ಹಿಡಿದು ಹೆಂಗಸರು, ಗಂಡಸರು ಬಗ್ಗಿ ನಿಂತಿದ್ದರು. ಬಳಚು ಹೆಕ್ಕುವವರು. ಬಳಚೆಂದರೆ ಕೆಸರು, ಹೊಯಿಗೆಯೊಳಗೆ ಹುದುಗಿ ಬೆಳೆಯುವ ಚಿಪ್ಪಿಜೀವಿ. ಒಳಗಿನ ಮಾಂಸ ಬಡವರ ಪೌಷ್ಟಿಕ ಆಹಾರ, ಹೊರಗಿನ ಚಿಪ್ಪು ಸುಟ್ಟರೆ ಸುಣ್ಣ. ಬೆಳಗ್ಗೆ ಯಜಮಾನರ ಕವಳದೆಲೆಯ ಮೇಲಿದ್ದ ಸುಣ್ಣದ ಮೂಲ ಇಲ್ಲಿದೆ ನೋಡಿ! ಬೋಟಿಲ್ಲ, ಡೀಸೆಲ್ಲಿಲ್ಲ, ಸಾಲವಿಲ್ಲ. ಇಳಿತದ ಹೊತ್ತು ತಿಳಿದಿದ್ದರೆ ಸಾಕು, ಬುಟ್ಟಿ ಹಿಡಿದ ಯಾವ ಹೆಂಗಸಿಗೂ ಹೊಳೆ ಅಂದಿನ ಕೂಲಿ ಕೊಟ್ಟು ಕಳಿಸುತ್ತದೆ.

ಈ ಬಳಚಿನ ಬದುಕು ಬಲು ಸೂಕ್ಷ್ಮ. ಪೂರ್ತಿ ಸಿಹಿನೀರು ಆಗದು, ಎರಡೂ ಬೆರೆತ ನೀರೇ ಬೇಕು. ಮಳೆಗಾಲದ ಹೊಳೆ ಮೆಕ್ಕಲು ತರಬೇಕು, ಬೇಸಿಗೆಯ ಭರತ ಉಪ್ಪು ತರಬೇಕು. ಪಕ್ಕದ ಶರಾವತಿಯಲ್ಲಿ ಜಲವಿದ್ಯುತ್ ಯೋಜನೆಗಳಿಂದ ವರ್ಷವಿಡೀ ಸಿಹಿನೀರು ಅಳಿವೆಗೆ ಬರತೊಡಗಿದ ಮೇಲೆ ಅಲ್ಲಿ ಚಿಪ್ಪಿಜೀವಿಗಳು ಬಹಳ ಕಡಿಮೆಯಾದವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ನೀರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಹೊತ್ತು ತಪ್ಪಿದರೆ ಇನ್ನೂ ಕಷ್ಟ. ಗಜನಿಯ ರೈತರು ಹೇಳಿದ ಮಾತೇ ಇದು. ದಂಡೆಯುದ್ದಕ್ಕೂ ಬೇರುಗಳನ್ನು ನೀರಿಗಿಳಿಬಿಟ್ಟು ನಿಂತ ಕಾಂಡ್ಲಾ ಗಿಡಗಳು ಮೀನಿನ ಮರಿಗಳಿಗೆ ತೊಟ್ಟಿಲು, ಒಡ್ಡುಗಳಿಗೆ ಕಾವಲು. ಈ ಅಳಿವೆಯ ಸುಮಾರು 4,800 ಹೆಕ್ಟೇರ್ ಪ್ರದೇಶ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವಾಗಿ ಘೋಷಣೆಯಾಯಿತು. ಹಿಂದೆ ಇದೇ ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವ ಬಂದು, ಜನರ ವಿರೋಧದ ನಂತರ ನಿಂತುಹೋಗಿತ್ತು.

ದಿಬ್ಬದ ಮೇಲೆ ಕುಳಿತು ಮಗ ಬೆರಳು ಮಡಚುತ್ತಿದ್ದ. ಅಡಿಕೆ ಒಂದು, ಮೆಣಸು ಎರಡು, ಮಿಡಿ ಮೂರು, ಕಗ್ಗ ನಾಲ್ಕು, ಗಜನಿಯ ಮೀನು ಐದು, ಉಪ್ಪು ಆರು, ಬಳಚು ಏಳು, ಸುಣ್ಣ ಎಂಟು... ‘ಇಷ್ಟಾದ ಮೇಲೂ ಸಮುದ್ರಕ್ಕೆ ನೀರು ಉಳಿಯುತ್ತಾ?’ ಎಂದು ಕೇಳಿದ. ಬೆಳಗಿನ ‘ವೇಸ್ಟ್’ ಎಂಬ ಪದವನ್ನು ಅವನು ಮತ್ತೆ ಬಳಸಲಿಲ್ಲ. ಅಕ್ಕ ಮಾತ್ರ ಬಿಡಲಿಲ್ಲ: ‘ಹಾಗಾದರೆ ನಮ್ಮೂರಿಗೆ ನೀರು ಎಲ್ಲಿಂದ?’

ಒಳ್ಳೆಯ ಪ್ರಶ್ನೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಸಾವಿರ ಅಡಿ ಕೊರೆದರೂ ಧೂಳೇ ಬರುವ ಕೊಳವೆಬಾವಿಯ ಮುಂದೆ ನಿಂತ ರೈತನಿಗೆ ಬಳಚಿನ ಕಥೆ ಹೇಳಿ ಸಮಾಧಾನ ಮಾಡಲಾಗದು. ಆದರೆ ಲೆಕ್ಕ ಹಾಕುವಾಗ ಎರಡೂ ಕಡೆಯ ಕಾಲಮ್ಮು ತುಂಬಬೇಕಲ್ಲವೆ? ಕೊಡುವ ನೀರು ಇಷ್ಟು ಟಿಎಂಸಿ ಎಂದು ಬರೆಯುವಾಗ, ಅದರಿಂದ ಉಪ್ಪು ತೊಳೆಯಿಸಿಕೊಳ್ಳುತ್ತಿದ್ದ ಗಜನಿ ಇಷ್ಟು, ಬುಟ್ಟಿ ಹಿಡಿದ ಹೆಂಗಸರು ಇಷ್ಟು ಎಂದೂ ಬರೆಯಬೇಕು. ಹಾಗೆಯೇ ನಮ್ಮ ಕಡೆಯ ಹೂಳು ತುಂಬಿದ ಕೆರೆಗಳೆಷ್ಟು, ಹರಿದುಹೋಗುವ ಮಳೆನೀರೆಷ್ಟು ಎಂಬುದನ್ನೂ. ಒಡ್ಡು ಎಲ್ಲರದೂ ಆದಾಗ ಹಲಗೆ ತೆಗೆಯುವ ಮಾತನ್ನು ಎಲ್ಲರೂ ಕೂತು ಆಡುವುದು ಗಜನಿಯ ಕ್ರಮ. ಮಗಳಿಗೆ ಇದನ್ನೇ ಹೇಳಿದೆ. ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲವೆಂದು ಅವಳ ಮುಖವೇ ಹೇಳುತ್ತಿತ್ತು. ಒಳ್ಳೆಯದೇ. ಈ ಲೆಕ್ಕವನ್ನು ಮುಂದೆ ಮಾಡಬೇಕಾದವರು ಅವರೇ ತಾನೆ?

ನೀವೂ ಹೋಗುವುದಾದರೆ

ಹುಬ್ಬಳ್ಳಿಯಿಂದ ಶಿರಸಿ ಸುಮಾರು 100 ಕಿಲೋಮೀಟರ್, ಬಸ್ಸುಗಳಿಗೆ ಕೊರತೆಯಿಲ್ಲ. ಕರಾವಳಿಯ ಕಡೆಯಿಂದ ಬರುವವರಿಗೆ ಕೊಂಕಣ ರೈಲಿನ ಕುಮಟಾ ನಿಲ್ದಾಣವಿದೆ. ದೇವಿಮನೆ ಘಟ್ಟದ ರಸ್ತೆ ಕೆಲಸ ಅಥವಾ ಮಳೆಯಿಂದ ಆಗಾಗ ಬಂದ್ ಆಗುವುದುಂಟು, ಹೊರಡುವ ಮೊದಲು ವಿಚಾರಿಸಿ. ತೋಟಗಳು ಯಾರದೋ ಮನೆಯ ಅಂಗಳವಿದ್ದಂತೆ, ಕೇಳದೆ ಒಳಗೆ ಇಳಿಯಬೇಡಿ. ಕೇಳಿದರೆ ಬೇಡವೆನ್ನುವವರು ಕಡಿಮೆ. ಉಪ್ಪಿನ ಮಡಿಗಳ ಬದುವಿನ ಮೇಲೂ ಕೆಲಸದವರ ಒಪ್ಪಿಗೆ ಪಡೆದೇ ನಡೆಯಿರಿ. ಭರತ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ತದಡಿಯ ದಕ್ಕೆಯಲ್ಲಿ ಕೇಳಿದರೆ ಅಂದಿನ ಇಳಿತದ ಹೊತ್ತನ್ನೂ ತಾರಿಯ ಕೊನೆಯ ದೋಣಿಯ ಹೊತ್ತನ್ನೂ ಹೇಳುತ್ತಾರೆ. ಮಕ್ಕಳನ್ನು ಅಳಿವೆಯ ನೀರಿಗೆ ಒಂಟಿಯಾಗಿ ಬಿಡಬೇಡಿ, ಸೆಳೆತ ಜೋರು.

ಇನ್ನು ವಿದ್ಯಾರ್ಥಿಗಳಿಗೊಂದು ಕೆಲಸ. ಮೂರು ಸಣ್ಣ ಬಾಟಲಿ ಒಯ್ಯಿರಿ. ಒಂದರಲ್ಲಿ ಶಿರಸಿಯ ತೋಟದ ಹಳ್ಳದ ನೀರು, ಇನ್ನೊಂದರಲ್ಲಿ ದಿವಗಿ ಸೇತುವೆಯ ಬಳಿಯ ಹೊಳೆಯ ನೀರು, ಮೂರನೆಯದರಲ್ಲಿ ಸಮುದ್ರದ ನೀರು. ಮನೆಗೆ ಬಂದು ಒಂದೊಂದರಿಂದ 100 ಮಿಲಿಲೀಟರ್ ಅಳೆದು ಮೂರು ತಟ್ಟೆಗೆ ಸುರಿದು, ಮೇಲೆ ತೆಳುಬಟ್ಟೆ ಮುಚ್ಚಿ ಬಿಸಿಲಿಗಿಡಿ. ಸಮುದ್ರದ ತಟ್ಟೆಯಲ್ಲಿ ಮೂರೂವರೆ ಗ್ರಾಂನಷ್ಟು ಲವಣ ಉಳಿಯಬೇಕು. ಹಳ್ಳದ್ದರಲ್ಲಿ ಕಣ್ಣಿಗೆ ಕಾಣುವಷ್ಟೂ ಇರಲಾರದು. ನಡುವಿನ ತಟ್ಟೆಯಲ್ಲಿ ಎಷ್ಟು ಎಂಬುದು ನೀವು ನೀರು ತುಂಬಿದ ತಿಂಗಳು, ಭರತವೋ ಇಳಿತವೋ ಎಂಬುದರ ಮೇಲೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಒಮ್ಮೆ, ದಸರಾ ರಜೆಯಲ್ಲಿ ಒಮ್ಮೆ ತಂದು ಹೋಲಿಸಿ ನೋಡಿ. ಹತ್ತು ಪುಟದ ಪ್ರಾಜೆಕ್ಟ್ ವರದಿಗಿಂತ ಆ ನಡುವಿನ ತಟ್ಟೆ ಹೆಚ್ಚು ಹೇಳುತ್ತದೆ.